ಪರಿಚಯ ಬೇರೆ, ವಶೀಲಿ ಬೇರೆ: ಮುಂಬಯಿಯ ಕಾಲೇಜು ವಿದ್ಯಾರ್ಥಿಗಳಿಗೊಂದು ಕೈಪಿಡಿ

ಮಾಟುಂಗಾ, ವಡಾಲಾ, ಸಾಂತಾಕ್ರೂಜ್, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟ ಕೂಡಲೇ "ನಮ್ಮವರು ಯಾರಾದರೂ ಒಳ್ಳೆಯ ಕಂಪನಿಯಲ್ಲಿದ್ದರೆ ಒಂದು ಮಾತು ಹೇಳಿಸಬೇಕು" ಎಂಬ ಚರ್ಚೆ ಶುರುವಾಗುತ್ತದೆ. ತಂದೆ ಪರಿಚಯದ ಹಿರಿಯರೊಬ್ಬರಿಗೆ ಫೋನ್ ಮಾಡುತ್ತಾರೆ. ಅವರು ಬಯೋಡೇಟಾ ಕಳಿಸಿ ಎನ್ನುತ್ತಾರೆ. ಅದು ವಾಟ್ಸ್‌ಆ್ಯಪಿನಲ್ಲಿ ಮೂರು ನಾಲ್ಕು ಕೈ ದಾಟಿ, ಆ ವಿದ್ಯಾರ್ಥಿಯನ್ನು ಎಂದೂ ಕಂಡಿರದ ನನ್ನಂಥವರ ಫೋನಿಗೆ ಬಂದು ಬೀಳುತ್ತದೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹೀಗೆ ಬಂದ ಬಯೋಡೇಟಾಗಳಲ್ಲಿ ಒಂದಕ್ಕೂ ನನ್ನಿಂದ ನಿಜವಾದ ನೆರವು ಆಗಿಲ್ಲವೆಂಬುದು ನನಗೆ ಬೇಸರದ ಸಂಗತಿ. ಹೆಸರು, ಅಂಕ, ಊರು ಇವಿಷ್ಟನ್ನು ಬಿಟ್ಟರೆ ಆ ವಿದ್ಯಾರ್ಥಿಯ ಬಗ್ಗೆ ನನಗೇನೂ ತಿಳಿದಿರುವುದಿಲ್ಲ. ತಿಳಿಯದವರ ಪರವಾಗಿ ಆಡಿದ ಮಾತಿಗೆ ಕಚೇರಿಯಲ್ಲಿ ಬೆಲೆಯೂ ಇರುವುದಿಲ್ಲ. ಆದರೆ ತಾವಾಗಿ ನಾಲ್ಕು ಸಾಲು ಬರೆದು, ಬಂದು ಕುಳಿತು, ಕೆಲಸದ ಬಗ್ಗೆ ವಿಚಾರಿಸಿಕೊಂಡು ಹೋದ ವಿದ್ಯಾರ್ಥಿಗಳ ಹೆಸರು ನನಗೆ ಇಂದಿಗೂ ನೆನಪಿದೆ. ಅವರಲ್ಲಿ ಕೆಲವರಿಗೆ, ಅವರು ಕೇಳದಿದ್ದರೂ, ಖಾಲಿ ಹುದ್ದೆಯ ಸುದ್ದಿ ಮುಟ್ಟಿಸಿದ್ದೇನೆ.

ಮೊದಲನೆಯದನ್ನು ನಮ್ಮ ಭಾಷೆಯಲ್ಲಿ ವಶೀಲಿ ಎನ್ನುತ್ತೇವೆ, ಎರಡನೆಯದನ್ನು ಪರಿಚಯ ಎನ್ನುತ್ತೇವೆ. ಇಂದು ಕಾಲೇಜುಗಳಲ್ಲಿ ನೆಟ್‌ವರ್ಕಿಂಗ್ ಎಂಬ ಹೆಸರಿನಲ್ಲಿ ಹೇಳಿಕೊಡುವುದು ಈ ಎರಡನೆಯದನ್ನೇ. ಎರಡನ್ನೂ ಒಂದೇ ಎಂದು ತಿಳಿದ ಒಳ್ಳೆಯ ವಿದ್ಯಾರ್ಥಿಗಳು "ಯಾರ ಮುಂದೆಯೂ ಕೈಚಾಚುವುದಿಲ್ಲ" ಎಂಬ ಸ್ವಾಭಿಮಾನದಿಂದ ಪರಿಚಯವನ್ನೂ ದೂರವಿಡುತ್ತಾರೆ. ಅದರಿಂದ ಅವರಿಗಾಗುವ ನಷ್ಟ ದೊಡ್ಡದು.

ಮುಂಬಯಿಯ ಕನ್ನಡಿಗರಿಗೆ ಇದು ಹೊಸ ವಿದ್ಯೆಯೇನಲ್ಲ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲೂ ಕ್ಯಾಂಟೀನುಗಳಲ್ಲೂ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದ ಊರು ಇದು. ನನ್ನ ತಂದೆಯವರೂ ಹಾಗೆಯೇ ಓದಿದವರು; ಬ್ಯಾಂಕಿನಲ್ಲಿ ಗುಮಾಸ್ತರ ಹುದ್ದೆಗೆ ಪರೀಕ್ಷೆ ನಡೆಯುತ್ತದೆ, ಅದಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ ಎಂಬ ಸುದ್ದಿ ಅವರಿಗೆ ಸಿಕ್ಕಿದ್ದು ಪಕ್ಕದ ಬೆಂಚಿನವರಿಂದ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ ಹುಟ್ಟಿದವು. ಊರಿನಿಂದ ಹೊಸದಾಗಿ ಬಂದವರಿಗೆ ನೆಲೆ, ಓದು, ಕೆಲಸ ಈ ಮೂರರ ಸುದ್ದಿ ಸಿಗುವ ಜಾಗಗಳಾಗಿಯೂ ಇಂಥ ಸಂಸ್ಥೆಗಳು ನಡೆದುಬಂದಿವೆ. ಬಿಲ್ಲವ ಸಮುದಾಯದವರು 1978ರಲ್ಲಿ ಕಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಈ ಪರಿಚಯದ ಬಲ ಎಲ್ಲಿಯವರೆಗೆ ಬೆಳೆಯಬಲ್ಲದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಪರಿಚಯದಿಂದ ಕೆಲಸ ಸಿಗುವುದು ಹೇಗೆ ಎಂಬುದನ್ನು ಸಮಾಜಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ಬಳಿಯ ಪಟ್ಟಣವೊಂದರಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ವಿಚಾರಿಸಿ 1973ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಪರಿಚಿತರ ಮೂಲಕ ಕೆಲಸ ಪಡೆದವರ ಪೈಕಿ, ಆ ಪರಿಚಿತರನ್ನು ಮೇಲಿಂದ ಮೇಲೆ ಕಾಣುತ್ತಿದ್ದವರು ಶೇ 17ರಷ್ಟು ಮಾತ್ರ. ಉಳಿದವರು ಅವರನ್ನು ಆಗೊಮ್ಮೆ ಈಗೊಮ್ಮೆ ಇಲ್ಲವೇ ತೀರಾ ಅಪರೂಪಕ್ಕೆ ಕಾಣುತ್ತಿದ್ದವರು. ಕಾರಣ ಸರಳವಾಗಿದೆ: ದಿನವೂ ಒಟ್ಟಿಗಿರುವ ಗೆಳೆಯರಿಗೆ ತಿಳಿದಿರುವುದೆಲ್ಲ ನಮಗೂ ತಿಳಿದಿರುತ್ತದೆ, ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಸುಮಾರು ಎರಡು ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮಾಹಿತಿಯನ್ನು ಪರಿಶೀಲಿಸಿ, ಹೆಚ್ಚು ಉಪಯೋಗಕ್ಕೆ ಬರುವುದು ತೀರಾ ಆಪ್ತವೂ ಅಲ್ಲದ, ತೀರಾ ಅಪರಿಚಿತವೂ ಅಲ್ಲದ ನಡುವಿನ ಪರಿಚಯವೆಂದು ಕಂಡುಕೊಂಡಿತು. ನಿಮ್ಮ ಮಟ್ಟಿಗೆ ಇದರ ಅರ್ಥವೇನೆಂದರೆ, ದಿನಾ ಕ್ಯಾಂಟೀನಿನಲ್ಲಿ ಕೂರುವ ಐದು ಮಂದಿಗಿಂತ, ಎರಡು ವರ್ಷ ಹಿಂದೆ ನಿಮ್ಮ ಕಾಲೇಜಿನಿಂದ ಹೊರಬಿದ್ದು ಈಗ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲೋ ಅಂಧೇರಿಯ ಕೈಗಾರಿಕಾ ವಲಯವಾದ ಸೀಪ್ಜ್‌ನಲ್ಲೋ ದುಡಿಯುತ್ತಿರುವ ಹಿರಿಯ ವಿದ್ಯಾರ್ಥಿಯ ಬಳಿ ನಿಮಗೆ ಬೇಕಾದ ಸುದ್ದಿ ಇರುವ ಸಾಧ್ಯತೆ ಹೆಚ್ಚು.

ಮೊದಲು ಕೈಯಲ್ಲಿ ಏನಾದರೂ ಇರಲಿ

ಯಾರನ್ನಾದರೂ ಭೇಟಿಯಾಗುವ ಮೊದಲು, ತೋರಿಸಲು ಒಂದು ಕೆಲಸ ನಿಮ್ಮ ಕೈಯಲ್ಲಿರಬೇಕು. ದೊಡ್ಡದೇನೂ ಬೇಡ. ವಾಣಿಜ್ಯ ವಿದ್ಯಾರ್ಥಿಯಾದರೆ ಷೇರುಪೇಟೆಯಲ್ಲಿರುವ ಯಾವುದಾದರೂ ಒಂದು ಕಂಪನಿಯ ಮೂರು ವರ್ಷಗಳ ವಾರ್ಷಿಕ ವರದಿಯನ್ನು ಓದಿ, ಅದರ ಸಾಲ, ಲಾಭ, ನಗದು ಹರಿವು ಹೇಗೆ ಬದಲಾಗಿದೆ ಎಂದು ಎರಡು ಪುಟ ಬರೆಯಬಹುದು. ಈ ವರದಿಗಳು ಮುಂಬಯಿ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕಂಪ್ಯೂಟರ್ ವಿದ್ಯಾರ್ಥಿಯಾದರೆ ನಿಮ್ಮ ಬಡಾವಣೆಯ ಅಂಗಡಿಯೊಂದರ ಉಧಾರಿ ಲೆಕ್ಕಕ್ಕೆ ಚಿಕ್ಕದೊಂದು ಆ್ಯಪ್ ಮಾಡಿ, ಕೋಡನ್ನು ಇತರರೂ ನೋಡುವಂತೆ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿಡಬಹುದು. ನನ್ನನ್ನು ಕಾಣಲು ಬಂದ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯ ಕ್ಯಾಂಟೀನಿನ ಆರು ತಿಂಗಳ ತರಕಾರಿ ಖರ್ಚನ್ನು ಎಕ್ಸೆಲ್‌ನಲ್ಲಿ ಹಾಕಿ, ಈರುಳ್ಳಿಯ ಬೆಲೆ ಏರಿದ ವಾರಗಳಲ್ಲಿ ಲಾಭ ಎಷ್ಟು ಕುಗ್ಗಿತೆಂದು ತೋರಿಸಿದ್ದಳು. ಆ ಒಂದು ಹಾಳೆ ಅವಳ ಬಗ್ಗೆ ಹೇಳಿದಷ್ಟನ್ನು ಯಾವ ಅಂಕಪಟ್ಟಿಯೂ ಹೇಳಲಾರದು.

ಇದರೊಂದಿಗೆ ನಿಮ್ಮನ್ನು ಪರಿಚಯಿಸಿಕೊಳ್ಳುವ ಮೂರು ವಾಕ್ಯಗಳನ್ನು ಸಿದ್ಧವಾಗಿಟ್ಟುಕೊಳ್ಳಿ: ಏನು ಓದುತ್ತಿದ್ದೀರಿ, ಏನು ಮಾಡಿ ನೋಡಿದ್ದೀರಿ, ಈಗ ಏನನ್ನು ತಿಳಿಯಬೇಕೆಂದಿದ್ದೀರಿ. ಕನ್ನಡ, ಇಂಗ್ಲಿಷ್, ಮರಾಠಿ ಮೂರರಲ್ಲಿಯೂ ಇದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಆಡಿದ ಸರಿಯಾದ ಇಂಗ್ಲಿಷ್ ಸಾಕು. ತಡವರಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಯಾರನ್ನು ಕೇಳುವುದು

ಒಂದು ನೋಟುಪುಸ್ತಕ ತೆಗೆದುಕೊಂಡು ಮೂವತ್ತು ಹೆಸರುಗಳನ್ನು ಬರೆಯಿರಿ. ಮೂವತ್ತು ಎಲ್ಲಿಂದ ತರುವುದೆಂದು ಮೊದಲಿಗೆ ಅನ್ನಿಸಬಹುದು. ಪಾಠ ಹೇಳುವ ಅಧ್ಯಾಪಕರು, ಅತಿಥಿ ಉಪನ್ಯಾಸಕ್ಕೆ ಬಂದು ಹೋದವರು, ಎರಡು ಮೂರು ವರ್ಷ ಹಿರಿಯ ವಿದ್ಯಾರ್ಥಿಗಳು, ನಿಮ್ಮ ಕಟ್ಟಡದಲ್ಲಿರುವ ಆಡಿಟರ್, ತಂದೆಯ ಹೋಟೆಲಿಗೆ ದಿನಾ ಚಹಾಕ್ಕೆ ಬರುವ ವಕೀಲರು, ತಾಯಿಯ ಭಜನಾ ಮಂಡಳಿಯ ಗೆಳತಿಯ ಮಗಳು, ಎಂಟೂ ಇಪ್ಪತ್ತರ ಲೋಕಲ್‌ನಲ್ಲಿ ವರ್ಷದಿಂದ ಒಂದೇ ಡಬ್ಬಿಯಲ್ಲಿ ಬರುತ್ತಿರುವವರು ಎಲ್ಲರೂ ಈ ಪಟ್ಟಿಗೆ ಸೇರಬೇಕು. ಇವರಲ್ಲಿ ನೀವು ಮೊದಲು ಕಾಣಬೇಕಾದವರು ದೊಡ್ಡ ಹುದ್ದೆಯವರಲ್ಲ, ಇತ್ತೀಚೆಗಷ್ಟೇ ಕೆಲಸಕ್ಕೆ ಸೇರಿದ ಹಿರಿಯ ವಿದ್ಯಾರ್ಥಿಗಳು. ಸಂದರ್ಶನದಲ್ಲಿ ಏನು ಕೇಳಿದರು, ಯಾವ ತಿಂಗಳಲ್ಲಿ ಅರ್ಜಿ ಕರೆದರು, ಮೊದಲ ಆರು ತಿಂಗಳು ಯಾವ ಕೆಲಸ ಕೊಟ್ಟರು ಎಂಬುದು ಅವರ ನೆನಪಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಮೂವತ್ತು ವರ್ಷ ಅನುಭವವಿರುವ ಜನರಲ್ ಮ್ಯಾನೇಜರಿಗೆ ಈ ಸಂಗತಿಗಳು ಗೊತ್ತಿರುವುದಿಲ್ಲ. ಅವರನ್ನು ಕಾಣಬೇಕಾದದ್ದು ನಿಮ್ಮ ಪ್ರಶ್ನೆಗಳು ಮಾಗಿದ ಮೇಲೆ.

ಪಟ್ಟಿಯಲ್ಲಿ ಬರೀ ಕನ್ನಡದವರ ಹೆಸರುಗಳೇ ತುಂಬಿದ್ದರೆ ಅದನ್ನು ಅಲ್ಲಿಗೇ ಬಿಡಬೇಡಿ. ನಮ್ಮವರಿಂದ ಆರಂಭಿಸುವುದು ಸುಲಭ, ಅದರಲ್ಲಿ ತಪ್ಪೂ ಇಲ್ಲ. ಆದರೆ ನಮ್ಮವರು ಹೆಚ್ಚಾಗಿರುವ ಕ್ಷೇತ್ರಗಳ ಆಚೆಯ ಸುದ್ದಿ ನಮ್ಮವರಿಂದ ಬರುವುದಿಲ್ಲ. ಹೋಟೆಲು, ಬ್ಯಾಂಕು, ಆಡಿಟ್ ಕಚೇರಿಯ ಬಾಗಿಲು ನಮಗೆ ಬೇಗ ತೆರೆಯುತ್ತದೆ. ಔಷಧ ತಯಾರಿಕೆ, ಜಾಹೀರಾತು, ಹಡಗು ಸಾಗಾಟ, ಚಲನಚಿತ್ರ ಸಂಕಲನ ಎಂದ ಕೂಡಲೇ ಮರಾಠಿ, ಗುಜರಾತಿ, ತಮಿಳು ಮನೆಗಳ ಸಹಪಾಠಿಗಳ ಪರಿಚಯ ಬೇಕಾಗುತ್ತದೆ. ಮರಾಠಿಯನ್ನು ಬಸ್ಸು, ಬಜಾರಿಗೆ ಸಾಕಾಗುವಷ್ಟಕ್ಕೇ ನಿಲ್ಲಿಸದೆ, ಚೆನ್ನಾಗಿ ಓದಿ ಮಾತನಾಡುವ ಮಟ್ಟಕ್ಕೆ ಕಲಿಯಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ. ಸಿಎ ಓದುವವರಿಗೆ ಪಶ್ಚಿಮ ವಲಯದ ವಿದ್ಯಾರ್ಥಿ ಸಂಘವಾದ ವಿಕಾಸಾ, ಎಂಜಿನಿಯರಿಂಗ್ ಓದುವವರಿಗೆ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ ವಿದ್ಯಾರ್ಥಿ ಶಾಖೆಗಳು, ಹೀಗೆ ಒಂದೊಂದು ವೃತ್ತಿಗೂ ಅದರದೇ ಕೂಟಗಳಿವೆ. ಅಲ್ಲಿ ಜಾತಿ, ಊರು ಕೇಳುವವರಿಲ್ಲ.

ಮೊದಲ ಸಂದೇಶ

ಹೆಚ್ಚಿನವರು ಎಡವುವುದು ಇಲ್ಲಿಯೇ. "ಹಾಯ್ ಸರ್, ಏನಾದರೂ ಓಪನಿಂಗ್ ಇದ್ದರೆ ತಿಳಿಸಿ" ಎಂಬ ಸಂದೇಶಕ್ಕೆ ಉತ್ತರ ಬರದಿದ್ದರೆ ಅದು ಓದಿದವರ ಅಹಂಕಾರವಲ್ಲ. ಉತ್ತರಿಸಲು ಅದರಲ್ಲಿ ಏನೂ ಇಲ್ಲ. ಕೆಲಸವನ್ನು ಕೇಳಬೇಡಿ, ತಿಳಿವಳಿಕೆಯನ್ನು ಕೇಳಿ. ನೀವು ಯಾರು, ಅವರ ಹೆಸರು ನಿಮಗೆ ಹೇಗೆ ಸಿಕ್ಕಿತು, ನಿಮ್ಮ ಒಂದು ಖಚಿತ ಪ್ರಶ್ನೆ ಏನು, ಎಷ್ಟು ಹೊತ್ತು ಬೇಕು ಇಷ್ಟು ಇದ್ದರೆ ಸಾಕು. ಉದಾಹರಣೆಗೆ ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಾನು ಮಾಟುಂಗಾದ ಕಾಲೇಜಿನಲ್ಲಿ ಬಿಕಾಂ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ತಿಂಗಳು ಸಂಘದ ಪ್ರತಿಭಾ ಪುರಸ್ಕಾರದ ಸಮಾರಂಭದಲ್ಲಿ ತಾವು ಆಂತರಿಕ ಲೆಕ್ಕಪರಿಶೋಧನೆಯ ಬಗ್ಗೆ ಮಾತನಾಡಿದ್ದನ್ನು ಕೇಳಿದೆ. ಸಿಎ ಮಾಡದೆಯೂ ಈ ಕ್ಷೇತ್ರಕ್ಕೆ ಬರಲು ಸಾಧ್ಯವೇ ಎಂಬ ಬಗ್ಗೆ ನನಗೆ ಗೊಂದಲವಿದೆ. ತಮಗೆ ಅನುಕೂಲವಾದ ದಿನ ಹದಿನೈದು ನಿಮಿಷ ಫೋನಿನಲ್ಲಿ ಮಾತನಾಡಬಹುದೇ? ಮುಂದಿನ ವಾರ ಆಗದಿದ್ದರೆ ನಂತರವಾದರೂ ಸರಿ."

ಬಯೋಡೇಟಾವನ್ನು ಈ ಸಂದೇಶದ ಜೊತೆಗೆ ಲಗತ್ತಿಸಬೇಡಿ. ಅವರಾಗಿ ಕೇಳಿದಾಗ ಕಳಿಸಿ. ತಂದೆಯವರ ಪರಿಚಯದವರಾದರೆ ತಂದೆ ಒಂದು ಬಾರಿ "ನನ್ನ ಮಗಳು ಮಾತನಾಡುತ್ತಾಳೆ" ಎಂದು ತಿಳಿಸಲಿ, ಆಮೇಲಿನ ಮಾತೆಲ್ಲ ನಿಮ್ಮದೇ ಆಗಿರಲಿ. ಸಮಯದ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಬ್ಯಾಂಕಿನವರನ್ನು ಮಾರ್ಚ್ ಕೊನೆಯಲ್ಲಿ, ಆಡಿಟರುಗಳನ್ನು ಆದಾಯ ತೆರಿಗೆಯ ಕೆಲಸ ಒತ್ತರಿಸಿಕೊಂಡು ಬರುವ ಜುಲೈ ಮತ್ತು ಸೆಪ್ಟೆಂಬರ್ ತಿಂಗಳಾಂತ್ಯದಲ್ಲಿ ಕಾಡಬೇಡಿ. ಹೋಟೆಲು ಉದ್ಯಮಿಗಳನ್ನು ಕಾಣಬೇಕಾದರೆ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ಒಳಗೆ ಹೋಗಿ. ಉತ್ತರ ಬರದಿದ್ದರೆ ಎಂಟು ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅದಕ್ಕೂ ಬರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

ಎದುರು ಕುಳಿತಾಗ

ಚರ್ಚ್‌ಗೇಟಿನಲ್ಲೋ ಸಿಎಸ್‌ಎಂಟಿಯಲ್ಲೋ ಇಳಿದು ಅವರ ಕಚೇರಿಯ ಬಳಿಗೆ ನೀವೇ ಹೋಗಬೇಕು, ಹತ್ತು ನಿಮಿಷ ಮೊದಲೇ ತಲುಪಬೇಕು. ಲೋಕಲ್ ತಡವಾಯಿತೆಂಬ ಕಾರಣವನ್ನು ಈ ಊರಿನಲ್ಲಿ ಎಲ್ಲರೂ ದಿನವೂ ಕೇಳಿರುತ್ತಾರೆ. ಹೋಗುವ ಮೊದಲು ಅವರ ಕಂಪನಿ ಏನು ಮಾಡುತ್ತದೆಂದು ಓದಿಕೊಂಡಿರಿ. ಗೂಗಲ್ ಹೇಳಬಲ್ಲ ಸಂಗತಿಯನ್ನು ಅವರಿಂದ ಕೇಳಿ ಹದಿನೈದು ನಿಮಿಷಗಳನ್ನು ಕಳೆಯಬೇಡಿ.

ಅವರೊಬ್ಬರೇ ಉತ್ತರಿಸಬಲ್ಲ ಪ್ರಶ್ನೆಗಳನ್ನು ಕೇಳಿ. ಈ ಕೆಲಸದಲ್ಲಿ ನಿಮ್ಮ ಒಂದು ಸಾಮಾನ್ಯ ದಿನ ಹೇಗೆ ಸಾಗುತ್ತದೆ? ಹೊಸದಾಗಿ ಸೇರಿದ ಹುಡುಗರಲ್ಲಿ ಯಾವ ಕೊರತೆ ಎದ್ದು ಕಾಣುತ್ತದೆ? ನೀವು ನನ್ನ ಜಾಗದಲ್ಲಿದ್ದರೆ ಮುಂದಿನ ಆರು ತಿಂಗಳಲ್ಲಿ ಏನನ್ನು ಕಲಿಯುತ್ತಿದ್ದಿರಿ? ನನ್ನ ಅನುಭವದಲ್ಲಿ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಫಲ ಕೊಡುವಂಥದ್ದು, ಏಕೆಂದರೆ ಅದಕ್ಕೆ ಉತ್ತರಿಸುವಾಗ ಎದುರಿನವರು ತಮ್ಮ ವಿಭಾಗದ ನಿಜವಾದ ಕಷ್ಟವನ್ನೇ ಹೇಳುತ್ತಿರುತ್ತಾರೆ. ಹೊಸಬರಿಗೆ ಸಾಮಾನ್ಯವಾಗಿ ಎಷ್ಟು ಸಂಬಳ ಸಿಗುತ್ತದೆಂದು ಕೇಳಬಹುದು, ಅವರ ಸಂಬಳವನ್ನು ಕೇಳಬಾರದು. ಮಾತು ಮುಗಿಯುವ ಹೊತ್ತಿಗೆ "ಈ ವಿಷಯವಾಗಿ ನಾನು ಇನ್ನು ಯಾರನ್ನು ಕಂಡರೆ ಒಳ್ಳೆಯದು?" ಎಂದು ಕೇಳಿ, ಒಂದು ಭೇಟಿ ಮತ್ತೊಂದಕ್ಕೆ ದಾರಿಯಾಗುವುದು ಈ ಪ್ರಶ್ನೆಯಿಂದ. ಚಹಾದ ಹಣವನ್ನು ಹಿರಿಯರೇ ಕೊಡುವುದು ನಮ್ಮಲ್ಲಿ ರೂಢಿ. ನೀವು ಒಮ್ಮೆ ಮುಂದಾಗಿ, ಅವರು ಬೇಡವೆಂದರೆ ಸುಮ್ಮನಾಗಿ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಮೊದಲ ಭೇಟಿ ಕಚೇರಿಯಲ್ಲೋ ಜನ ಓಡಾಡುವ ಹೋಟೆಲಿನಲ್ಲೋ ಹಗಲಿನಲ್ಲಿಯೇ ಇರಲಿ, ಎಲ್ಲಿಗೆ ಹೋಗುತ್ತಿದ್ದೀರೆಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಲಿ. ಮಾರ್ಗದರ್ಶನದ ಹೆಸರಿನಲ್ಲಿ ರಾತ್ರಿ ಹೊತ್ತು ಬರುವ ಅನಗತ್ಯ ಸಂದೇಶಗಳಿಗೆ ಉತ್ತರಿಸುವ ಋಣ ನಿಮಗಿಲ್ಲ. ಅಂಥವರು ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕಿ.

ಭೇಟಿಯ ನಂತರ

ಅದೇ ದಿನ ರಾತ್ರಿ, ಅವರು ಹೇಳಿದ್ದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡು, ಎರಡು ಸಾಲಿನ ಕೃತಜ್ಞತೆ ಕಳಿಸಿ. ಅವರ ಯಾವ ಮಾತು ನಿಮಗೆ ಹೊಸದಾಗಿತ್ತು ಎಂಬುದನ್ನು ಅದರಲ್ಲಿ ಹೆಸರಿಸಿ. ಇಷ್ಟನ್ನು ಹಲವರು ಮಾಡುತ್ತಾರೆ. ಕೆಲವೇ ಮಂದಿ ಮಾಡುವ, ಆದರೆ ನಿಜವಾಗಿ ಪರಿಚಯವನ್ನು ಗಟ್ಟಿಗೊಳಿಸುವ ಕೆಲಸ ಒಂದು ತಿಂಗಳ ನಂತರ ಬರುತ್ತದೆ. ಅವರು ಅಂಕಿಅಂಶಗಳನ್ನು ವಿಶ್ಲೇಷಿಸಿ ತೋರಿಸುವ ಪವರ್ ಬಿಐ ತಂತ್ರಾಂಶವನ್ನು ಕಲಿಯಿರಿ ಎಂದಿದ್ದರೆ, ಕಲಿತು, ಅದರಲ್ಲಿ ಏನಾದರೂ ಮಾಡಿ, "ಸರ್, ತಾವು ಹೇಳಿದಂತೆ ಇದನ್ನು ಮಾಡಿ ನೋಡಿದೆ, ಈ ಒಂದು ಕಡೆ ಸಿಕ್ಕಿಕೊಂಡಿದ್ದೇನೆ" ಎಂದು ತಿಳಿಸಬೇಕು. ಹೇಳಿದ ಮಾತನ್ನು ಯಾರೋ ಕಿವಿಗೆ ಹಾಕಿಕೊಂಡು ನಡೆಸಿದ್ದಾರೆಂದು ಕಂಡಾಗ ಹಿರಿಯರಿಗೆ ಆಗುವ ಸಂತೋಷ ದೊಡ್ಡದು. ನಾನು ಅದನ್ನು ಅನುಭವಿಸಿ ಬಲ್ಲೆ. ಆಮೇಲೆ ಆರೇಳು ವಾರಕ್ಕೊಮ್ಮೆ ಒಂದು ಸುದ್ದಿ, ಗಣೇಶ ಚತುರ್ಥಿಗೋ ದೀಪಾವಳಿಗೋ ಒಂದು ಶುಭಾಶಯ ಸಾಕು. ಅದೂ ಎಲ್ಲರಿಗೂ ಕಳಿಸುವ ಹೂವಿನ ಚಿತ್ರವಾಗಿರದೆ, ಹೆಸರು ಹಿಡಿದು ಬರೆದದ್ದಾಗಿರಲಿ.

ರೆಫರಲ್ ಕೇಳಬೇಕಾದದ್ದು ಈ ಹಂತ ದಾಟಿದ ಮೇಲೆ. ಹಲವು ಕಂಪನಿಗಳಲ್ಲಿ ನೌಕರರು ತಮಗೆ ತಿಳಿದ ಅಭ್ಯರ್ಥಿಗಳ ಹೆಸರನ್ನು ಸೂಚಿಸುವ ಕ್ರಮವಿದೆ. ಹಾಗೆ ಸೂಚಿಸುವವರು ನಿಮ್ಮ ಜೊತೆಗೆ ತಮ್ಮ ಹೆಸರನ್ನೂ ಪಣಕ್ಕಿಡುತ್ತಾರೆ. ಆದ್ದರಿಂದ ಹುದ್ದೆಯ ಹೆಸರು, ಜಾಹೀರಾತಿನ ಕೊಂಡಿ, ಆ ಹುದ್ದೆಗೆ ನೀವು ಹೇಗೆ ಹೊಂದುತ್ತೀರೆಂಬ ಮೂರು ಸಾಲುಗಳನ್ನು ನೀವೇ ಬರೆದು ಕೊಟ್ಟು, "ತಮಗೆ ಸರಿಯೆನಿಸಿದರೆ ಮಾತ್ರ" ಎಂದು ಬಿಟ್ಟುಕೊಡಿ. ಒಪ್ಪಿಕೊಂಡ ಸಂದರ್ಶನಕ್ಕೆ ಹೇಳದೆ ಗೈರಾದರೆ ನಿಮ್ಮ ನಂತರ ಬರುವ ವಿದ್ಯಾರ್ಥಿಯ ಬಾಗಿಲೂ ಮುಚ್ಚುತ್ತದೆ. ಒಮ್ಮೆ ನನ್ನ ಸೂಚನೆಯ ಮೇಲೆ ಕರೆ ಬಂದಿದ್ದ ಹುಡುಗನೊಬ್ಬ ಹೀಗೆ ಮಾಡಿದ್ದರಿಂದ, ಆಮೇಲೆ ಬಹಳ ಕಾಲ ಇನ್ನೊಬ್ಬರ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಘದ ಕೆಲಸವೂ ಪರಿಚಯವೇ

ಭಾಷಣದ ಕೊನೆಯಲ್ಲಿ ವಿಸಿಟಿಂಗ್ ಕಾರ್ಡ್ ಬೇಡುವುದಕ್ಕಿಂತ, ಆ ಸಮಾರಂಭದ ಕುರ್ಚಿ ಜೋಡಿಸುವುದು ಹೆಚ್ಚು ಫಲಕಾರಿ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ, ಸಂಘಗಳ ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆ, ಆರೋಗ್ಯ ಶಿಬಿರ ನಡೆದಾಗ ಕೈಜೋಡಿಸುವ ಯುವಕರು ಯಾವಾಗಲೂ ಬೇಕಾಗಿರುತ್ತಾರೆ. ಟಿಕೆಟಿನ ಲೆಕ್ಕ ಇಡುವುದು, ನೋಂದಣಿಯ ಮೇಜಿನಲ್ಲಿ ಕೂರುವುದು, ಜಾಹೀರಾತುದಾರರಿಗೆ ಪತ್ರ ಬರೆಯುವುದು ಇವುಗಳಲ್ಲಿ ಒಂದನ್ನು ವಹಿಸಿಕೊಂಡು ಕೊನೆಯ ರೂಪಾಯಿಯವರೆಗೆ ಲೆಕ್ಕ ಒಪ್ಪಿಸಿದರೆ, ಆ ಸಮಿತಿಯಲ್ಲಿರುವ ವಕೀಲರು, ವೈದ್ಯರು, ಉದ್ಯಮಿಗಳು ನಿಮ್ಮ ಗುಣವನ್ನು ಕಣ್ಣಾರೆ ಕಂಡಿರುತ್ತಾರೆ. ನಾಳೆ ನಿಮ್ಮ ಬಗ್ಗೆ ಯಾರಾದರೂ ಕೇಳಿದರೆ ಅವರು ಹೇಳುವ ಮಾತಿಗೆ ಆಧಾರವಿರುತ್ತದೆ. ವರ್ಷಕ್ಕೆ ಎರಡು ಕಾರ್ಯಕ್ರಮ ಸಾಕು. ಓದು ಹಾಳಾಗುವಷ್ಟು ಬೇಡ.

ಲಿಂಕ್ಡ್‌ಇನ್ ಮತ್ತು ಎಚ್ಚರದ ನಾಲ್ಕು ಮಾತು

2003ರಲ್ಲಿ ಆರಂಭವಾದ ಲಿಂಕ್ಡ್‌ಇನ್ ಇಂದು ಹೆಚ್ಚಿನ ಕಂಪನಿಗಳ ನೇಮಕಾತಿ ವಿಭಾಗದವರು ನೋಡುವ ಜಾಗ. ಶುಭ್ರವಾದ ಒಂದು ಭಾವಚಿತ್ರ, ಏನು ಓದುತ್ತಿದ್ದೀರಿ ಮತ್ತು ಯಾವ ಕೆಲಸದ ಕಡೆ ಒಲವಿದೆ ಎಂಬ ಒಂದು ಸಾಲಿನ ಶೀರ್ಷಿಕೆ, ಮೇಲೆ ಹೇಳಿದ ನಿಮ್ಮ ಕೆಲಸದ ಕೊಂಡಿ ಇವಿಷ್ಟಿದ್ದರೆ ಆರಂಭಕ್ಕೆ ಸಾಲುತ್ತದೆ. ಅದರಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ ಹಳೆಯ ವಿದ್ಯಾರ್ಥಿಗಳ ವಿಭಾಗ ಸಿಗುತ್ತದೆ. ಅವರು ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿ, ಯಾವ ಬಗೆಯ ಕೆಲಸದಲ್ಲಿದ್ದಾರೆ ಎಂದು ಜಾಲಾಡಿ ನೋಡಬಹುದು. ಮೂವತ್ತರ ಪಟ್ಟಿ ತುಂಬದವರಿಗೆ ಇದೇ ದಾರಿ. ಕೋರಿಕೆ ಕಳಿಸುವಾಗ ಒಂದು ಸಾಲಿನ ಟಿಪ್ಪಣಿ ಸೇರಿಸಿ. ಐನೂರು ಸಂಪರ್ಕಗಳ ಸಂಖ್ಯೆಗೆ ಆಸೆಪಡುವುದರಲ್ಲಿ ಅರ್ಥವಿಲ್ಲ.

ಇಂಟರ್ನ್‌ಶಿಪ್ ಕೊಡುತ್ತೇವೆಂದು ನೋಂದಣಿ ಶುಲ್ಕವನ್ನೋ ಭದ್ರತಾ ಠೇವಣಿಯನ್ನೋ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ದುಡಿಯುವವರಿಗೆ ಕಂಪನಿ ಹಣ ಕೊಡಬೇಕೇ ಹೊರತು ಅವರಿಂದ ಪಡೆಯುವುದಲ್ಲ. ನೇಮಕ ಪತ್ರ ಬಂದು, ಕಂಪನಿ ನಿಜವೆಂದು ಖಚಿತವಾಗುವ ಮೊದಲು ಆಧಾರ್, ಪ್ಯಾನ್ ಪ್ರತಿಗಳನ್ನು ಕಳಿಸಬಾರದು. ಒಟಿಪಿಯನ್ನಂತೂ ಯಾರಿಗೂ ಹೇಳಬಾರದು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್, 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಸ್ಟೈಪೆಂಡ್ ಸಹಿತ ತರಬೇತಿ ಕೊಡಿಸುವ ರಾಷ್ಟ್ರೀಯ ಯೋಜನೆಯ (ಎನ್‌ಎಟಿಎಸ್) ಪೋರ್ಟಲ್ ಇವೆರಡರಲ್ಲೂ ಹೆಸರು ನೋಂದಾಯಿಸಿಕೊಂಡಿರಿ.

ಕೆಲಸದ ಪತ್ರ ಕೈಗೆ ಬಂದ ದಿನ, ಅದನ್ನು ಲಿಂಕ್ಡ್‌ಇನ್‌ನಲ್ಲಿ ಹಾಕುವ ಮೊದಲು ನೋಟುಪುಸ್ತಕ ತೆರೆದು, ದಾರಿಯಲ್ಲಿ ಹದಿನೈದು ನಿಮಿಷ ಕೊಟ್ಟ ಪ್ರತಿಯೊಬ್ಬರಿಗೂ ಫೋನ್ ಮಾಡಿ ತಿಳಿಸಿ. ಏನೂ ಮಾಡಲಾಗಲಿಲ್ಲವೆಂದು ಅಂದು ಸಂಕೋಚಪಟ್ಟವರಿಗೆ ಮೊದಲು ಮಾಡಿ. ಆಮೇಲೆ ನಿಮ್ಮ ಕಾಲೇಜಿನ ಅಧ್ಯಾಪಕರಿಗೆ, ಮುಂದಿನ ವರ್ಷದ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೇಳಿದರೆ ನಿಮ್ಮ ಸಂಖ್ಯೆಯನ್ನು ಕೊಡಬಹುದೆಂದು ಹೇಳಿಡಿ. ಸಂದರ್ಶನದಲ್ಲಿ ಏನು ಕೇಳಿದರೆಂಬುದು ನಿಮಗಿನ್ನೂ ನೆನಪಿರುತ್ತದೆ.